ತಾಮ್ರದ ಒಂದೇ ಒಂದು ಪರಮಾಣು ಯಾವ ಬಣ್ಣ? ಮಕ್ಕಳಿಗೆ ದ್ರವ್ಯ, ಪರಮಾಣು, ಧಾತು ಎಲ್ಲಿಂದ ಶುರು ಮಾಡಬೇಕು?

ಏಳನೇ ಕ್ಲಾಸ್ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ವಿಜ್ಞಾನ ಹೇಳಿಕೊಡಲು ಶುರು ಮಾಡಿ ಇದು ಎರಡನೇ ವರ್ಷ. ಹೋದ ವರ್ಷ ಈ ಪಾಠ ನನಗೆ ಕೈಕೊಟ್ಟಿತು. ಈ ಸಲ ಶುರು ಮಾಡುವ ಮೊದಲೇ ತಿಳಿದವರನ್ನು ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಹೋದ ವರ್ಷ ಮಾಡಿದ್ದು ಇಷ್ಟು. ಮೊದಲ ದಿನ ಬೋರ್ಡ್ ಮೇಲೆ "ಜಾಗ ಹಿಡಿಯುವ, ದ್ರವ್ಯರಾಶಿ ಇರುವ ಎಲ್ಲವೂ ದ್ರವ್ಯ" ಅಂತ ಬರೆದೆ. ಎರಡನೇ ದಿನ ಪರಮಾಣುವಿನ ಚಿತ್ರ: ನಡುವೆ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನ್. ಮೂರನೇ ದಿನ ಮೊದಲ 20 ಧಾತುಗಳ ಸಂಕೇತ ಬಾಯಿಪಾಠ. ಟೆಸ್ಟ್‌ನಲ್ಲಿ ಎಲ್ಲರಿಗೂ ಒಳ್ಳೆಯ ಮಾರ್ಕ್ಸ್. ನಾನೂ ಖುಷಿಯಾಗಿದ್ದೆ.

ಆಮೇಲೆ ಒಬ್ಬ ಹುಡುಗಿ ಕೇಳಿದಳು: "ಮಿಸ್, ತಾಮ್ರದ ತಂತೀನ ಕತ್ತರಿಸ್ತಾ ಕತ್ತರಿಸ್ತಾ ಕೊನೆಗೆ ಒಂದೇ ಪರಮಾಣು ಉಳಿದರೆ, ಅದೂ ಕೆಂಪಗೇ ಇರುತ್ತಾ?" ನಾನು "ಹೂಂ, ಇರಲೇಬೇಕಲ್ಲ" ಅಂದುಬಿಟ್ಟೆ. ಮನೆಗೆ ಬಂದು ಓದಿದ ಮೇಲೆ ತಪ್ಪು ಹೇಳಿದೆ ಅಂತ ಗೊತ್ತಾಯಿತು. ಬೇಜಾರಾದದ್ದು ಅದಕ್ಕಲ್ಲ. ಹಿಂದಿನ ದಿನ ನಾನೇ ನೋಟ್ಸ್‌ನಲ್ಲಿ "ಧಾತುವಿನ ಎಲ್ಲ ಗುಣಗಳನ್ನೂ ಉಳಿಸಿಕೊಂಡ ಅತಿ ಚಿಕ್ಕ ಕಣವೇ ಪರಮಾಣು" ಅಂತ ಬರೆಸಿದ್ದೆ. ಎಲ್ಲ ಗುಣ ಅಂದ ಮೇಲೆ ಬಣ್ಣವೂ ಬಂತಲ್ಲ. ಅವಳು ಸರಿಯಾಗಿಯೇ ಯೋಚಿಸಿದ್ದಳು, ನಾನು ಬರೆಸಿದ್ದೇ ಸರಿ ಇರಲಿಲ್ಲ.

ಇನ್ನೊಂದು ಎಡವಟ್ಟು. ಗಾಳಿಗೆ ತೂಕ ಇದೆ ಅಂತ ತೋರಿಸಲು ಕೋಲಿನ ಎರಡು ತುದಿಗೆ ಎರಡು ಬಲೂನ್ ಕಟ್ಟಿದೆ, ಒಂದನ್ನು ಸೂಜಿಯಿಂದ ಚುಚ್ಚಿದೆ. ಕೋಲು ಒಂದು ಸಲ ಆ ಕಡೆ, ಇನ್ನೊಂದು ಸಲ ಈ ಕಡೆ ವಾಲಿತು. ಮಕ್ಕಳು ನಕ್ಕರು. ಈ ಸಲ ಎಲ್ಲಿಂದ ಶುರು ಮಾಡಲಿ?

ನಿವೃತ್ತ ಮೇಷ್ಟ್ರು

ಮೇಡಂ, ವಯಸ್ಸಿನಲ್ಲಿ ದೊಡ್ಡವನು ಅಂತ ಸಲುಗೆಯಿಂದ ಹೇಳುತ್ತೇನೆ. ಆ "ಹೂಂ" ನಾನೂ ಎಷ್ಟೋ ವರ್ಷ ಹೇಳಿದ್ದೇನೆ. ನಿಮಗೆ ಎರಡನೇ ವರ್ಷಕ್ಕೇ ಗೊತ್ತಾಯಿತು, ನನಗೆ ಹನ್ನೆರಡನೇ ವರ್ಷಕ್ಕೆ.

ನೀವು ಎರಡನೇ ದಿನವೇ ಪರಮಾಣು ಕೊಟ್ಟಿರಿ. ಅದು ಬೇಕು ಅಂತ ಮಕ್ಕಳಿಗೆ ಇನ್ನೂ ಅನಿಸಿಯೇ ಇರಲಿಲ್ಲ! ಪರಮಾಣು ಯಾರಿಗೂ ಸುಮ್ನೆ ಹೊಳೆದದ್ದಲ್ಲ. ಗಾಳಿಯನ್ನು ಒತ್ತಿದರೆ ಯಾಕೆ ಕುಗ್ಗುತ್ತದೆ, ಸಕ್ಕರೆ ಎಲ್ಲಿ ಹೋಯಿತು, ಸುಟ್ಟ ಮೇಲೆ ಕಬ್ಬಿಣ ಯಾಕೆ ಭಾರವಾಯಿತು ಅಂತ ತಲೆ ಕೆಡಿಸಿಕೊಂಡವರಿಗೆ ಬೇಕಾಗಿ ಬಂದದ್ದು. ಎಲ್ಲವೂ ಪರಮಾಣುಗಳಿಂದ ಆಗಿದೆ ಅಂತ ವಾದಿಸಿದ ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್ ಆ ವಾದವನ್ನು ಪುಸ್ತಕ ಮಾಡಿದ್ದು 1808ರಲ್ಲಿ. ಅದಾಗಿ 100 ವರ್ಷ ಆದರೂ ಒಪ್ಪದ ದೊಡ್ಡವರಿದ್ದರು. 1909ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಓಸ್ಟ್‌ವಾಲ್ಡ್ ಕೂಡ ಹೆಚ್ಚುಕಡಿಮೆ ಆ ಹೊತ್ತಿನವರೆಗೆ ಪರಮಾಣು ನಿಜವಾಗಿ ಇದೆ ಅಂತ ನಂಬಿರಲಿಲ್ಲ. ಅಂಥವರಿಗೇ ಅಷ್ಟು ಹೊತ್ತು ಹಿಡಿಯಿತು. ನಾವು 12 ವರ್ಷದ ಮಕ್ಕಳಿಗೆ ಒಂದೇ ಪೀರಿಯಡ್ ಕೊಡುತ್ತೇವೆ.

ನನ್ನ ಮೊದಲ ಪೀರಿಯಡ್ ಹೀಗಿರುತ್ತಿತ್ತು. ಬೋರ್ಡ್ ಮೇಲೆ ಒಂದಷ್ಟು ಹೆಸರು: ಕಲ್ಲು, ನೀರು, ಗಾಳಿ, ಹೊಗೆ, ನೆರಳು, ಬೆಳಕು, ಶಬ್ದ, ಮೇಣದಬತ್ತಿಯ ಜ್ವಾಲೆ. ಯಾವುದು ದ್ರವ್ಯ, ಯಾವುದು ಅಲ್ಲ? ಜಗಳ ಆಡಿ ಅಂತ ಬಿಟ್ಟುಬಿಡುತ್ತಿದ್ದೆ. ಕಲ್ಲು, ನೀರಿಗೆ ಜಗಳ ಇಲ್ಲ. ನೆರಳಿಗೂ ಬೇಗ ತೀರ್ಮಾನ. ಜ್ವಾಲೆ ಬಂದಾಗ ನೋಡಬೇಕು! "ಬೆಂಕಿಗೆ ತೂಕ ಇಲ್ಲ", "ಇದೆ, ಕೈ ಇಟ್ಟು ನೋಡು ಗೊತ್ತಾಗುತ್ತೆ" ಅಂತ. ಕೊನೆಗೆ ನಾನು ಹೇಳುತ್ತಿದ್ದೆ: ಜ್ವಾಲೆಯಲ್ಲಿ ಇರುವುದು ಬಿಸಿ ಅನಿಲ, ಹಳದಿಯಾಗಿ ಹೊಳೆಯುವುದು ಕಾದ ಮಸಿಯ ಕಣಗಳು, ಅವು ದ್ರವ್ಯ. ಅದರಿಂದ ಹೊರಬರುವ ಬೆಳಕು ದ್ರವ್ಯ ಅಲ್ಲ.

ತಪ್ಪು ಉತ್ತರ ಕೊಟ್ಟವರಿಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೆ ಕತೆ. 1789ರಲ್ಲಿ ಅವನು ಇನ್ನು ಒಡೆಯಲಾಗದ 33 ಮೂಲ ಪದಾರ್ಥಗಳ ಪಟ್ಟಿ ಮಾಡಿದ. ಅದರಲ್ಲಿ ಆಮ್ಲಜನಕ, ಗಂಧಕ, ಚಿನ್ನದ ಜೊತೆ ಬೆಳಕು ಮತ್ತು ಶಾಖವೂ ಇದ್ದವು. ಸುಣ್ಣವೂ ಇತ್ತು. ಅವನ ಹೊತ್ತಿನಲ್ಲಿ ಸುಣ್ಣವನ್ನು ಒಡೆಯುವ ಉಪಾಯ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಬೆಳಕನ್ನು ದ್ರವ್ಯ ಅಂದ ಹುಡುಗನಿಗೆ "ನೀನು ಲಾವೋಸಿಯೆ ಪಕ್ಷ" ಅಂದರೆ ಎಷ್ಟು ಹಿಗ್ಗುತ್ತಿದ್ದ ಗೊತ್ತಾ.

ಲ್ಯಾಬ್ ಮೂಲೆ

ಬಲೂನಿನ ವಿಷಯ ನಾನು ಹೇಳುತ್ತೇನೆ. ತಪ್ಪು ನಿಮ್ಮದಲ್ಲ ಮೇಡಂ, ಆ ಪ್ರಯೋಗದ್ದೇ.

5 ಲೀಟರ್ ಬಲೂನಿನಲ್ಲಿ ಸುಮಾರು 6 ಗ್ರಾಂ ಗಾಳಿ ಇರುತ್ತದೆ. ಆದರೆ ಉಬ್ಬಿದ ಬಲೂನು ಹೊರಗಿನ 5 ಲೀಟರ್ ಗಾಳಿಯನ್ನು ಪಕ್ಕಕ್ಕೆ ತಳ್ಳಿರುತ್ತದೆ. ಆ ಗಾಳಿ ಬಲೂನನ್ನು ಮೇಲಕ್ಕೆ ಎತ್ತುತ್ತದೆ. ನೀರು ತುಂಬಿದ ಚೀಲವನ್ನು ನೀರೊಳಗೇ ತೂಗಿದ ಹಾಗೆ. ಉಳಿಯುವ ವ್ಯತ್ಯಾಸ ಬಲೂನಿನ ರಬ್ಬರು ಒಳಗಿನ ಗಾಳಿಯನ್ನು ಚೂರು ಒತ್ತಿರುವುದರಿಂದ ಬರುವಷ್ಟೇ. ಒಂದು ಗ್ರಾಮಿನ ಸಣ್ಣ ಪಾಲು. ಚುಚ್ಚಿದಾಗ ರಬ್ಬರಿನ ಒಂದು ಚೂರು ಹಾರಿಹೋದರೂ ಲೆಕ್ಕ ತಲೆಕೆಳಗು.

ಅದರ ಬದಲು ಫುಟ್‌ಬಾಲ್ ತೆಗೆದುಕೊಳ್ಳಿ. ಚೆಂಡಿನ ಆಕಾರ ನಿಲ್ಲುವಷ್ಟು ಮಾತ್ರ ಗಾಳಿ ಇರಲಿ, ಮೆತ್ತಗಿರಲಿ. ಡಿಜಿಟಲ್ ತಕ್ಕಡಿಯ ಮೇಲೆ ಉರುಳದ ಹಾಗೆ ಒಂದು ಬಟ್ಟಲಲ್ಲಿಟ್ಟು ತೂಗಿ. ಆಮೇಲೆ ಪಂಪ್ ಹೊಡೆದು ಗಟ್ಟಿ ಮಾಡಿ ಮತ್ತೆ ತೂಗಿ. ಚೆಂಡಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಒಳಗೆ ಗಾಳಿ ಜಾಸ್ತಿಯಾಗಿರುತ್ತದೆ. 3ರಿಂದ 5 ಗ್ರಾಂ ಏರುತ್ತದೆ. 1 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯೇ ಸಾಕು.

ಅದಾದ ಮೇಲೆ ಲೆಕ್ಕ ಮಾಡಿಸಿ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ. 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ಎಷ್ಟು? 170 ಕಿಲೋ ದಾಟುತ್ತದೆ. ಕ್ಲಾಸಿನ ನಾಲ್ಕೈದು ಮಕ್ಕಳನ್ನು ಒಟ್ಟಿಗೆ ತೂಗಿದಷ್ಟು. "ಏನೂ ಇಲ್ಲ" ಅಂದುಕೊಂಡಿದ್ದ ಜಾಗದಲ್ಲಿ ಅಷ್ಟು ಇದೆ ಅಂತ ಗೊತ್ತಾದಾಗ ಮಕ್ಕಳು ಮೇಲೆ ನೋಡುತ್ತಾರೆ, ಪ್ರತಿ ಸಲವೂ.

ಮರುದಿನ ಸಿರಿಂಜ್. ಸೂಜಿ ಬೇಡ, ಬರೀ ಸಿರಿಂಜ್. ಗಾಳಿ ತುಂಬಿ ಬಾಯಿಗೆ ಬೆರಳು ಒತ್ತಿ ತಳ್ಳಿದರೆ ಅರ್ಧಕ್ಕೆ ಕುಗ್ಗುತ್ತದೆ. ನೀರು ತುಂಬಿ ತಳ್ಳಿದರೆ ಜಗ್ಗುವುದೇ ಇಲ್ಲ. "ಗಾಳಿ ಹೇಗಿದ್ದರೆ ಹೀಗಾಗಬಹುದು? ಚಿತ್ರ ಬರೆಯಿರಿ" ಅನ್ನಿ. ನೀವು ಕಣ ಅನ್ನುವ ಮಾತೇ ಎತ್ತಬೇಡಿ. ಅರ್ಧ ಕ್ಲಾಸ್ ತಾನಾಗಿ ಚುಕ್ಕೆ ಹಾಕುತ್ತದೆ.

ಸಿಲೆಬಸ್ ಅವಸರ

ಇದೆಲ್ಲ ಕೇಳಲು ಚೆನ್ನ. ನನಗೆ ಈ ಪಾಠಕ್ಕೆ ಸಿಗುವುದು ಎಂಟು ಪೀರಿಯಡ್. ಅದರಲ್ಲಿ ಒಂದು ಯಾವುದೋ ಕಾರ್ಯಕ್ರಮಕ್ಕೆ ಹೋಗುತ್ತದೆ. ಜಗಳ ಆಡಿಸುತ್ತಾ, ಚೆಂಡು ತೂಗುತ್ತಾ ಕೂತರೆ ಸಂಕೇತ ಯಾವಾಗ, ಸೂತ್ರ ಯಾವಾಗ? ಅಕ್ಷರ ಬರದೆ ಓದು ಬರುತ್ತದೆಯೇ? ಮೊದಲು 20 ಧಾತು ಬಾಯಿಪಾಠ ಆಗಲಿ. ಅರ್ಥ ಹೈಸ್ಕೂಲಿನಲ್ಲಿ ತಾನಾಗಿ ಬರುತ್ತದೆ. ನಾವೆಲ್ಲ ಹಾಗೇ ಕಲಿತವರಲ್ವಾ?

ಇಂಗಾಲ12

ಹಾಗೇ ಕಲಿತವರು ಕಾಲೇಜಿಗೆ ಬರುತ್ತಾರೆ ಸರ್, ನನ್ನ ಹತ್ತಿರ. "ಕುದಿಯುವ ನೀರಿನ ಗುಳ್ಳೆಯಲ್ಲಿ ಏನಿದೆ?" ಅಂತ ಕೇಳಿದರೆ ಕೆಲವರು "ಗಾಳಿ" ಅನ್ನುತ್ತಾರೆ, ಕೆಲವರು "ಹೈಡ್ರೋಜನ್, ಆಕ್ಸಿಜನ್" ಅನ್ನುತ್ತಾರೆ. ಸಂಕೇತ ಎಲ್ಲ ಬಾಯಲ್ಲಿದೆ. ಗುಳ್ಳೆಯಲ್ಲಿ ಇರುವುದು ನೀರೇ, ಅನಿಲ ರೂಪದಲ್ಲಿ, ಅಂತ ಹೇಳುವವರು ಕಡಿಮೆ. ಅರ್ಥ ತಾನಾಗಿ ಬರುವುದಿಲ್ಲ.

ಈಗ ತಾಮ್ರದ ಪ್ರಶ್ನೆ. ಆ ಹುಡುಗಿಗೆ ಹೀಗೆ ಹೇಳಿ. ಜನ ಸಾಲಾಗಿ ನಿಂತಿದ್ದಾರೆ. "ಸಾಲು ಉದ್ದ ಇದೆ" ಅನ್ನುತ್ತೇವೆ. ಸಾಲಿನಲ್ಲಿರುವ ಒಬ್ಬೊಬ್ಬನೂ ಉದ್ದ ಅಂತಲ್ಲ. ಒಬ್ಬನೇ ಉಳಿದರೆ ಸಾಲೇ ಇಲ್ಲ. ತಾಮ್ರದ ಕೆಂಪು ಹಾಗೆ. ಕೋಟಿಗಟ್ಟಲೆ ಪರಮಾಣುಗಳು ಒತ್ತಿಕೊಂಡು ಕೂತಾಗ ಅವುಗಳ ಎಲೆಕ್ಟ್ರಾನುಗಳು ಒಟ್ಟಾಗಿ ಬೆಳಕಿನ ಜೊತೆ ಆಡುವ ಆಟ ಅದು. ಒಂದೇ ಪರಮಾಣುವಿಗೆ ಆ ಬಣ್ಣ ಇಲ್ಲ. ಅದು ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಅದು ಕರಗುವುದಿಲ್ಲ, ಕುದಿಯುವುದಿಲ್ಲ, ತಂತಿಯಾಗಿ ಎಳೆಯಲು ಬರುವುದಿಲ್ಲ. ಹಾಗೆಯೇ ನೀರಿನ ಒಂದು ಅಣು ಒದ್ದೆ ಅಲ್ಲ.

ನಂಬದವರಿಗೆ ಚಿನ್ನ. ಚಿನ್ನವನ್ನು 10–20 ನ್ಯಾನೋಮೀಟರ್‌ನಷ್ಟು (ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್) ಚಿಕ್ಕ ಕಣ ಮಾಡಿ ನೀರಿನಲ್ಲಿ ಹರಡಿದರೆ ಆ ನೀರು ಹಳದಿ ಅಲ್ಲ, ಮಾಣಿಕ್ಯದ ಕೆಂಪು. ವಿಜ್ಞಾನಿ ಫ್ಯಾರಡೆ 1857ರಲ್ಲೇ ಇದನ್ನು ವಿವರವಾಗಿ ಅಭ್ಯಾಸ ಮಾಡಿದ್ದ. ಆ ಒಂದೊಂದು ಕಣದಲ್ಲೂ ಇನ್ನೂ ಸಾವಿರಾರು ಪರಮಾಣುಗಳಿವೆ. ಅಷ್ಟರಲ್ಲೇ ಬಣ್ಣ ಬದಲಾಯಿತು. ಒಂಟಿ ಪರಮಾಣುವಿನ ಮಾತು ಬಿಡಿ.

ಹಾಗಾದರೆ ಪರಮಾಣುವಿನಲ್ಲಿ ತಾಮ್ರತನ ಅಂತ ಉಳಿಯುವುದೇನು? ಅದರ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನು ಎಂಬ 29 ಕಣ, ಮತ್ತು ಅದರಿಂದಾಗಿ ಬೇರೆ ಪರಮಾಣುಗಳ ಜೊತೆ ಅದು ಸೇರುವ ರೀತಿ. ನೋಟ್ಸ್‌ನ ಸಾಲನ್ನು "ತಾನು ಯಾವ ಧಾತು ಅನ್ನುವ ಗುರುತನ್ನು ಉಳಿಸಿಕೊಂಡ ಅತಿ ಚಿಕ್ಕ ಕಣ" ಅಂತ ಬದಲಿಸಿ. ಎಲ್ಲ ಗುಣ ಅನ್ನುವುದು ಹೋಗಲಿ.

ಪದಕೋಶ

ನಾನು ವಿಜ್ಞಾನದವನಲ್ಲ, ಭಾಷೆಯವನು. ಆದರೂ ಬಾಯಿ ಹಾಕುತ್ತೇನೆ. ಈ ಪಾಠದಲ್ಲಿ ಮಕ್ಕಳು ಎಡವುವುದು ಬರೀ ಕಣದಲ್ಲಲ್ಲ, ಪದದಲ್ಲಿ.

ದ್ರವ್ಯ, ದ್ರವ. ಒಂದು ಒತ್ತಿನ ವ್ಯತ್ಯಾಸ. "ದ್ರವ್ಯದ ಮೂರು ಸ್ಥಿತಿಗಳು" ಅಂತ ನೀವು ಹೇಳಿದರೆ ಹಿಂದಿನ ಬೆಂಚಿಗೆ ಕೇಳಿಸುವುದು "ದ್ರವದ ಮೂರು ಸ್ಥಿತಿಗಳು". ನನ್ನ ಮಗ ಒಂದು ವರ್ಷ ಪೂರ್ತಿ ಹಾಗೇ ಬರೆದ. ನೀರು, ಐಸು, ಹಬೆ ನೆನಪಿಗೆ ಬಂದು ಅರ್ಥವೂ ಸರಿಹೋಯಿತು ಅಂತ ಅನಿಸಿಬಿಡುತ್ತದೆ, ಅದೇ ಕಷ್ಟ.

ಅಣು, ಪರಮಾಣು. ಪಾಠದಲ್ಲಿ ಅಣು ಅಂದರೆ ಪರಮಾಣುಗಳು ಸೇರಿ ಆದದ್ದು. ಪತ್ರಿಕೆಯಲ್ಲಿ ಅಣುಬಾಂಬ್, ಅಣುಶಕ್ತಿ, ಅಣುಸ್ಥಾವರ. ಅಲ್ಲಿ ಒಡೆಯುವುದು ಅಣು ಅಲ್ಲ, ಪರಮಾಣುವಿನ ನಡುವಿನ ನ್ಯೂಕ್ಲಿಯಸ್. ಹಳೇ ಬಳಕೆ ಹಾಗೇ ಉಳಿದುಬಿಟ್ಟಿದೆ. ಈ ಗೊಂದಲವನ್ನು ಮೊದಲೇ ಬಾಯಿಬಿಟ್ಟು ಹೇಳಿಬಿಡಬೇಕು.

ಕರಗು. ಐಸು ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ನಮಗೆ ಎರಡಕ್ಕೂ ಒಂದೇ ಮಾತು. ಐಸು ಕರಗಲು ಬೇರೆ ಯಾವ ವಸ್ತುವೂ ಬೇಡ. ಸಕ್ಕರೆ ಕರಗಲು ನೀರು ಬೇಕು. ಅದು ನೀರಿನಲ್ಲಿ ಬೆರೆತು ಹರಡಿಕೊಳ್ಳುವುದು. "ಸಕ್ಕರೆ ಕರಗಿ ನೀರಾಯಿತು" ಅಂತ ಮಗು ಬರೆದರೆ ನಗಬೇಡಿ, ಭಾಷೆ ಅದಕ್ಕೆ ಹಾಗೇ ಕಲಿಸಿದೆ.

ಸೀಸದ ಕಡ್ಡಿ. ಪೆನ್ಸಿಲಿಗೆ ನಾವಿಟ್ಟ ಹೆಸರು. ಅದರಲ್ಲಿ ಸೀಸ ಇಲ್ಲವೇ ಇಲ್ಲ, ಇರುವುದು ಇಂಗಾಲದ ಒಂದು ರೂಪವಾದ ಗ್ರಾಫೈಟು, ಜೊತೆಗೆ ಜೇಡಿಮಣ್ಣು.

ನನಗೆ ತುಂಬಾ ಇಷ್ಟ ಆಮ್ಲಜನಕ. ಆಮ್ಲವನ್ನು ಹುಟ್ಟಿಸುವುದು ಅಂತ ಅರ್ಥ. ಲಾವೋಸಿಯೆ ಇಟ್ಟ ಹೆಸರಿನ ನೇರ ಅನುವಾದ. ಎಲ್ಲ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆ ಅಂತ ಅವನು ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಲ್ಲ! ಅವನ ತಪ್ಪು ನಮ್ಮ ಪದದಲ್ಲಿ ಇವತ್ತಿಗೂ ಭದ್ರವಾಗಿದೆ. ಜಲಜನಕ ಮಾತ್ರ ಸರಿ. ಅದನ್ನು ಸುಟ್ಟರೆ ನೀರೇ ಹುಟ್ಟುತ್ತದೆ.

ಧಾತು ಅಂದರೆ ಮಕ್ಕಳು ವ್ಯಾಕರಣದ ಪಾಠ ಅಂದುಕೊಳ್ಳುತ್ತಾರೆ. ಮಾಡಿದನು, ಮಾಡುತ್ತಾನೆ, ಮಾಡುವನು ಇವಕ್ಕೆಲ್ಲ ಧಾತು "ಮಾಡು". ಈ ಗೊಂದಲ ನನಗೆ ಒಳ್ಳೆಯದೇ ಅನಿಸುತ್ತದೆ. ಇನ್ನು ಬಿಡಿಸಲಾಗದ್ದು, ಬೇರೆಯವೆಲ್ಲ ಇದರಿಂದ ಆಗಿದ್ದು. ವಿಜ್ಞಾನದ ಧಾತುವೂ ಅದೇ ತಾನೆ?

ಏಳನೇ ಕ್ಲಾಸ್ ಮೇಡಂ

ಪದಕೋಶ ಸರ್, ದ್ರವ್ಯ/ದ್ರವ ಓದಿ ಬೆಚ್ಚಿಬಿದ್ದೆ. ಹೋದ ವರ್ಷದ ಉತ್ತರ ಪತ್ರಿಕೆ ತೆಗೆದು ನೋಡಿದೆ. ಒಂಬತ್ತು ಮಕ್ಕಳು "ದ್ರವ" ಅಂತಲೇ ಬರೆದಿದ್ದಾರೆ. ನಾನು ಕಾಗುಣಿತದ ತಪ್ಪು ಅಂತ ಕೆಂಪು ಗೆರೆ ಎಳೆದು ಮುಂದೆ ಹೋಗಿದ್ದೆ.

ಪುಟ್ಟಿಯ ಅಪ್ಪ

ನಾನು ಮೇಷ್ಟ್ರಲ್ಲ, ಬರೀ ಅಪ್ಪ. ಮಗಳು ನಿನ್ನೆ ಕೇಳಿದಳು, "ಪರಮಾಣುಗಳ ನಡುವೆ ಏನಿರುತ್ತೆ?" ನಾನು "ಗಾಳಿ" ಅಂದೆ. "ಹಾಗಾದ್ರೆ ಗಾಳಿಯ ಕಣಗಳ ನಡುವೆ?" ಅಂದಳು. ಬಾಯಿ ಮುಚ್ಚಿಕೊಂಡೆ. ಏನಿರುತ್ತದೆ ಹೇಳಿ?

ಲ್ಯಾಬ್ ಮೂಲೆ

ಏನೂ ಇರುವುದಿಲ್ಲ ಅಪ್ಪಾವ್ರೇ. ಖಾಲಿ. ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ಇಂಗಾಲ12

ಖಾಲಿ ಅನ್ನುವುದನ್ನು ಒಪ್ಪಲು ಮಕ್ಕಳಿಗೆ ಬಹಳ ಕಷ್ಟ, ಅರಿಸ್ಟಾಟಲ್‌ಗೂ ಆಗಿತ್ತು. ಅವನು ಖಾಲಿ ಜಾಗ ಇರಲು ಸಾಧ್ಯವೇ ಇಲ್ಲ ಅಂದವನು.

ಚಿತ್ರದ ಬಗ್ಗೆ ಒಂದು ಮಾತು. ಎಷ್ಟೋ ಪುಸ್ತಕಗಳಲ್ಲಿ ಘನದ ಚುಕ್ಕೆ ಒತ್ತೊತ್ತಾಗಿ, ಅನಿಲದ್ದು ದೂರ ದೂರ, ದ್ರವದ್ದು ಎರಡರ ನಡುವೆ ಬಿಡಿಬಿಡಿಯಾಗಿ ಇರುತ್ತದೆ. ಇದು ತಪ್ಪು ದಾರಿಗೆ ಎಳೆಯುತ್ತದೆ. ದ್ರವದಲ್ಲೂ ಕಣಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಸಾಲು ಕೆಟ್ಟಿರುತ್ತದೆ, ಜಾರಾಡುತ್ತವೆ, ಅಷ್ಟೆ. ಸಿರಿಂಜಿನಲ್ಲಿ ನೀರು ಜಗ್ಗದಿದ್ದದ್ದು ಅದಕ್ಕೇ. ಅನಿಲದ ಕತೆಯೇ ಬೇರೆ: 1 ಮಿಲಿಲೀಟರ್ ನೀರು ಕುದಿದು ಹಬೆಯಾದರೆ ಹೆಚ್ಚುಕಡಿಮೆ 1,700 ಮಿಲಿಲೀಟರ್ ಜಾಗ ಹಿಡಿಯುತ್ತದೆ.

ಇನ್ನು ನೀರು ಈ ಚಿತ್ರಕ್ಕೆ ಸರಿಯಾದ ಉದಾಹರಣೆಯೇ ಅಲ್ಲ. ಅದು ಐಸಾದಾಗ ಸುಮಾರು 9% ಹಿಗ್ಗುತ್ತದೆ. ಐಸಿನಲ್ಲಿ ಅಣುಗಳು ನಡುವೆ ಜಾಗ ಬಿಟ್ಟು ಚೌಕಟ್ಟು ಕಟ್ಟಿಕೊಳ್ಳುತ್ತವೆ. "ಘನದಲ್ಲಿ ಹತ್ತಿರ ಹತ್ತಿರ" ಅಂತ ಹೇಳಿ ಐಸನ್ನು ತೋರಿಸಿದರೆ, ಅದು ನೀರಿನ ಮೇಲೆ ತೇಲುತ್ತಾ ನಿಮ್ಮನ್ನೇ ಅಣಕಿಸುತ್ತದೆ. ಮೇಣ ತೋರಿಸಿ. ಗಟ್ಟಿ ಮೇಣ ಕರಗಿದ ಮೇಣದಲ್ಲಿ ಮುಳುಗುತ್ತದೆ.

ಸಿಲೆಬಸ್ ಅವಸರ

ಗುಳ್ಳೆ ಪ್ರಶ್ನೆಯನ್ನು ನನ್ನ ಕ್ಲಾಸಿನಲ್ಲಿ ಕೇಳಿದೆ. 41 ಮಕ್ಕಳಲ್ಲಿ "ನೀರಿನ ಹಬೆ" ಅಂದವರು ಇಬ್ಬರು. ಸ್ವಲ್ಪ ಇಳಿದಿದ್ದೇನೆ. ಆದರೂ ಸಂಕೇತ ಬೇಕೇ ಬೇಕು, ಆ ಮಾತು ಬಿಡುವುದಿಲ್ಲ. ಬೇಗ ಆಗುವ ಉಪಾಯ ಯಾರಾದರೂ ಹೇಳಿ.

ಪದಕೋಶ

ಸರ್, ಎಲ್ಲ ಹೆಸರೂ ಇಂಗ್ಲಿಷಿನ ಮೊದಲ ಅಕ್ಷರ ಅಂತ ಶುರು ಮಾಡಿದರೆ ಕಬ್ಬಿಣಕ್ಕೆ ಎಫ್‌ಇ ಬಂದಾಗ ಮಕ್ಕಳು ಕಂಗಾಲು. ಅದು ಲ್ಯಾಟಿನ್ನಿನ ಫೆರ್ರಂ. ಸೋಡಿಯಂ ನೇಟ್ರಿಯಂ ಆಗಿ ಎನ್‌ಎ, ಪೊಟ್ಯಾಸಿಯಂ ಕೇಲಿಯಂ ಆಗಿ ಕೆ, ಚಿನ್ನ ಔರಂ ಆಗಿ ಎಯು, ಸೀಸ ಪ್ಲಂಬಂ ಆಗಿ ಪಿಬಿ. ಈ ಹತ್ತು-ಹನ್ನೊಂದು "ತಲೆಹರಟೆ" ಹೆಸರುಗಳನ್ನು ಬೇರೆ ಮಾಡಿ ಕತೆಯಾಗಿ ಹೇಳಿ. ಉಳಿದವು ಸುಲಭ. ಸಂಕೇತದ ಎರಡನೇ ಅಕ್ಷರ ಯಾವಾಗಲೂ ಚಿಕ್ಕದು ಅನ್ನುವುದನ್ನು ಬಿಡಬೇಡಿ. ಸಿ ಓ ಎರಡೂ ದೊಡ್ಡಕ್ಷರವಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ. ಓ ಚಿಕ್ಕದಾದರೆ ಕೋಬಾಲ್ಟ್ ಎಂಬ ಲೋಹ.

ನಿವೃತ್ತ ಮೇಷ್ಟ್ರು

ನಾನು ಚೀಟಿ ಆಟ ಆಡಿಸುತ್ತಿದ್ದೆ. ಒಂದೊಂದು ಧಾತುವಿಗೆ ಒಂದು ಚೀಟಿ. ಹೆಸರು, ಸಂಕೇತ, ಪರಮಾಣು ತೂಕ, ಲೋಹವೋ ಅಲ್ಲವೋ, ಯಾವುದರ ಜೊತೆ ಹೇಗೆ ಸೇರುತ್ತದೆ. ಗುಂಪಿಗೆ ಒಂದು ಕಟ್ಟು ಕೊಟ್ಟು ಜೋಡಿಸಿ ಅನ್ನುವುದು. ಎರಡು ಚೀಟಿ ಬೇಕಂತಲೇ ತೆಗೆದಿಟ್ಟಿರುತ್ತಿದ್ದೆ. ಸಾಲು ತಪ್ಪುತ್ತದೆ, ಮಕ್ಕಳು ಒದ್ದಾಡುತ್ತಾರೆ. ಯಾರಾದರೂ ಒಬ್ಬ "ಸಾರ್, ಇಲ್ಲಿ ಒಂದು ಇರಬೇಕಿತ್ತು" ಅಂದ ಕೂಡಲೇ, ಧಾತುಗಳನ್ನು ಸಾಲಾಗಿ ಜೋಡಿಸಿ ಆವರ್ತ ಕೋಷ್ಟಕ ಮಾಡಿದ ರಷ್ಯಾದ ಮೆಂಡಲೀವ್ ಕತೆ.

1869ರಲ್ಲಿ ಅವನ ಕೈಯಲ್ಲಿ ಇದ್ದದ್ದು 63 ಧಾತು. ಅವನೂ ಜಾಗ ಖಾಲಿ ಬಿಟ್ಟ. ಬಿಟ್ಟದ್ದಷ್ಟೇ ಅಲ್ಲ, ಅಲ್ಲಿ ಬರಬೇಕಾದವರ ಗುಣವನ್ನೂ ಹೇಳಿದ. ಸಿಲಿಕಾನಿನ ಕೆಳಗಿನ ಖಾಲಿ ಜಾಗಕ್ಕೆ ಅವನಿಟ್ಟ ಹೆಸರು ಏಕ-ಸಿಲಿಕಾನ್. ಹೌದು, ನಮ್ಮ ಏಕ, ದ್ವಿ, ತ್ರಿ ಅನ್ನುವ ಸಂಸ್ಕೃತದ ಏಕವೇ. ಪರಮಾಣು ತೂಕ 72 ಇರುತ್ತದೆ, ಸಾಂದ್ರತೆ 5.5 ಇರುತ್ತದೆ ಅಂದ. 1886ರಲ್ಲಿ ಜರ್ಮೇನಿಯಂ ಸಿಕ್ಕಿತು. 72.6 ಮತ್ತು 5.3. ಮಕ್ಕಳು ಈ ಕತೆ ಮರೆತದ್ದನ್ನು ನಾನು ನೋಡಿಲ್ಲ, ಸಂಕೇತ ಮರೆತದ್ದನ್ನು ಬೇಕಾದಷ್ಟು ನೋಡಿದ್ದೇನೆ. ಈಗ 118 ಧಾತು ಇವೆ, ಕೋಷ್ಟಕದ ಏಳು ಸಾಲೂ ಭರ್ತಿ.

ಲ್ಯಾಬ್ ಮೂಲೆ

ಧಾತು ಮತ್ತು ಸಂಯುಕ್ತದ (ಬೇರೆ ಬೇರೆ ಧಾತು ಸೇರಿ ಆದದ್ದು) ವ್ಯತ್ಯಾಸಕ್ಕೆ ನೀರನ್ನು ಒಡೆದು ತೋರಿಸಿ. 9 ವೋಲ್ಟ್ ಬ್ಯಾಟರಿ, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ನೀರಿಗೆ ಒಂದು ಚಮಚ ಅಡುಗೆ ಸೋಡಾ. ಉಪ್ಪು ಮಾತ್ರ ಹಾಕಬೇಡಿ. ಕ್ಲೋರಿನ್ ಬರುತ್ತದೆ, ಅದನ್ನು ಮಕ್ಕಳು ಉಸಿರಾಡಬಾರದು. ಒಂದು ಕಡ್ಡಿಯ ಮೇಲೆ ಗುಳ್ಳೆ ಜಾಸ್ತಿ, ಇನ್ನೊಂದರ ಮೇಲೆ ಕಡಿಮೆ. ಪುಸ್ತಕದಲ್ಲಿ 2ಕ್ಕೆ 1 ಅಂತ ಇದೆಯಲ್ಲ, ಪೆನ್ಸಿಲಿನಲ್ಲಿ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆಕ್ಸಿಜನ್ನಿನಲ್ಲಿ ಸ್ವಲ್ಪ ನೀರಿನಲ್ಲೇ ಉಳಿಯುತ್ತದೆ, ಸ್ವಲ್ಪ ಇಂಗಾಲದ ಜೊತೆ ಸೇರುತ್ತದೆ. ಬರಲಿಲ್ಲ ಅಂತ ಮುಚ್ಚಿಡಬೇಡಿ, ಯಾಕೆ ಬರಲಿಲ್ಲ ಅಂತ ಕೇಳಿ.

ಕುದಿಸಿದಾಗಿನ ಗುಳ್ಳೆ ಮತ್ತು ಈ ಗುಳ್ಳೆ ಒಂದೇನಾ? ಎರಡನ್ನೂ ಅಕ್ಕಪಕ್ಕ ಇಟ್ಟರೆ ಅವಸರ ಸರ್ ಅವರ 39 ಮಕ್ಕಳೂ ದಾರಿಗೆ ಬರುತ್ತಾರೆ.

ಏಳನೇ ಕ್ಲಾಸ್ ಮೇಡಂ

ಗಾತ್ರದ ಅಂದಾಜು ಹೇಗೆ ಕೊಡಲಿ? "ತುಂಬಾ ತುಂಬಾ ಚಿಕ್ಕದು" ಅಂದರೆ ಮಕ್ಕಳು ಧೂಳಿನ ಕಣ, ಜೀವಕೋಶ, ಪರಮಾಣು ಎಲ್ಲ ಒಂದೇ ಅಳತೆ ಅಂದುಕೊಳ್ಳುತ್ತಾರೆ.

ಇಂಗಾಲ12

ಒಂದು ಹನಿ ನೀರು ತೋರಿಸಿ. 20 ಹನಿಗೆ ಒಂದು ಮಿಲಿಲೀಟರ್ ಅಂದುಕೊಳ್ಳಿ. ಅದರಲ್ಲಿ ಎಷ್ಟು ಅಣು? ಒಂದು ಕೋಟಿ ಡಬ್ಬಿ. ಪ್ರತಿ ಡಬ್ಬಿಯಲ್ಲಿ ಒಂದು ಕೋಟಿ ಪೊಟ್ಟಣ. ಪ್ರತಿ ಪೊಟ್ಟಣದಲ್ಲಿ ಒಂದು ಕೋಟಿ ಕಾಳು. ಅಷ್ಟೂ ಕಾಳು ಎಣಿಸಿದರೂ ಸಾಲದು, ಇನ್ನೂ ಅರ್ಧದಷ್ಟಕ್ಕಿಂತ ಜಾಸ್ತಿ ಸೇರಿಸಬೇಕು.

ಅದಕ್ಕಿಂತ ಕತ್ತರಿ ಆಟ ಚೆನ್ನ. 10 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ. ಅರ್ಧ ಕತ್ತರಿಸು, ಒಂದು ಪಾಲು ಬಿಸಾಡು, ಉಳಿದದ್ದನ್ನು ಮತ್ತೆ ಅರ್ಧ ಮಾಡು. ಪರಮಾಣು ಮುಟ್ಟಲು ಎಷ್ಟು ಸಲ ಕತ್ತರಿಸಬೇಕು ಅಂತ ಮೊದಲೇ ಊಹೆ ಬರೆಸಿ. ಸಾವಿರ, ಲಕ್ಷ, ಕೋಟಿ ಅಂತ ಬರೆಯುತ್ತಾರೆ. ಉತ್ತರ 30. ಹತ್ತು ಸಲಕ್ಕೆ 0.1 ಮಿಲಿಮೀಟರ್, ಆ ಕಾಗದದ ದಪ್ಪದಷ್ಟು. ಇಪ್ಪತ್ತು ಸಲಕ್ಕೆ ವೈರಸ್ಸಿನಷ್ಟು, ಮಾಮೂಲಿ ಮೈಕ್ರೋಸ್ಕೋಪಿಗೂ ಕಾಣದು. ಮೂವತ್ತಕ್ಕೆ ಪರಮಾಣು.

ಲ್ಯಾಬ್ ಮೂಲೆ

ಆಟ ಸೂಪರ್. ಒಂದು ತಕರಾರು: ಕಾಗದ ಧಾತು ಅಲ್ಲ. ಮೂವತ್ತಕ್ಕೆ ಮುಟ್ಟುವ ಮೊದಲೇ ಅದು ಕಾಗದವಾಗಿ ಉಳಿದಿರುವುದಿಲ್ಲ. ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಳ್ಳಿ, ಅದು ಬಹುಪಾಲು ಒಂದೇ ಧಾತು. ಅದರ ದಪ್ಪವನ್ನೂ ಮಕ್ಕಳೇ ಕಂಡುಹಿಡಿಯಬಹುದು. ದೊಡ್ಡ ಹಾಳೆ ತೂಗಿ. ಗ್ರಾಮನ್ನು 2.7ರಿಂದ ಭಾಗಿಸಿದರೆ ಘನ ಸೆಂಟಿಮೀಟರ್. ಅದನ್ನು ಹಾಳೆಯ ವಿಸ್ತೀರ್ಣದಿಂದ ಭಾಗಿಸಿ. ಮನೆಯಲ್ಲಿ ಬಳಸುವ ಫಾಯಿಲ್ ಸುಮಾರು 0.016 ಮಿಲಿಮೀಟರ್ ಬರುತ್ತದೆ. ಅಷ್ಟು ತೆಳುವಿನಲ್ಲೂ ಪರಮಾಣುಗಳ 50 ಸಾವಿರಕ್ಕೂ ಜಾಸ್ತಿ ಪದರ.

ಇಂಗಾಲ12

ಒಪ್ಪಿದೆ. ಕಾಗದ ವಾಪಸ್.

ಸಿಲೆಬಸ್ ಅವಸರ

ಎಲೆಕ್ಟ್ರಾನ್ ಸುತ್ತುವ ಚಿತ್ರ ಏಳನೇ ಕ್ಲಾಸಿಗೆ ಬೇಕಾ ಬೇಡವಾ? ಅದೊಂದು ತೀರ್ಮಾನ ಹೇಳಿ.

ನಿವೃತ್ತ ಮೇಷ್ಟ್ರು

ನನ್ನ ಮಟ್ಟಿಗೆ ಬೇಡ. ಏಳನೇ ಕ್ಲಾಸಿಗೆ ಡಾಲ್ಟನ್ ಅಂದುಕೊಂಡ ಹಾಗೆ ಪರಮಾಣು ಒಂದು ಗಟ್ಟಿ ಗೋಲಿ ಅಂದರೆ ಸಾಕು. ಸಕ್ಕರೆ ಎಲ್ಲಿ ಹೋಯಿತು ಅಂತ ಹೇಳಲು ಎಲೆಕ್ಟ್ರಾನ್ ಬೇಕಿಲ್ಲ. ಡಾಲ್ಟನ್ ಪರಮಾಣು ಒಡೆಯದು ಅಂದಿದ್ದ, ಅದು ತಪ್ಪು ಅಂತ ಮುಂದೆ ಹೇಳಿದರಾಯಿತು. ಅವನು ನೀರಿನಲ್ಲಿ ಒಂದು ಹೈಡ್ರೋಜನ್ನಿಗೆ ಒಂದು ಆಕ್ಸಿಜನ್ ಅಂತಲೂ ಬರೆದಿದ್ದ. ಅದೂ ತಪ್ಪು.

ಇಂಗಾಲ12

ಇಲ್ಲಿ ಮೇಷ್ಟ್ರ ಜೊತೆ ನನ್ನ ಜಗಳ. ಮಕ್ಕಳು ಆ ಚಿತ್ರವನ್ನು ಹೇಗೂ ಎಲ್ಲೆಲ್ಲೋ ನೋಡಿರುತ್ತಾರೆ. ಸುಮ್ಮನಿದ್ದರೆ ಅದೇ ಉಳಿಯುತ್ತದೆ. ಚಿತ್ರ ಬೇಡ, ಅಳತೆ ಹೇಳಿ. ತಾಮ್ರದ ನ್ಯೂಕ್ಲಿಯಸ್ಸು 1 ಸೆಂಟಿಮೀಟರಿನ ಗೋಲಿ ಆದರೆ ಪರಮಾಣುವಿನ ಅಗಲ ಕಾಲು ಕಿಲೋಮೀಟರಿಗೂ ಜಾಸ್ತಿ. ಪುಸ್ತಕದ ಪುಟದಲ್ಲಿ ಅದನ್ನು ಸರಿಯಾಗಿ ಬರೆಯಲು ಆಗುವುದೇ ಇಲ್ಲ ಅಂತ ಮಕ್ಕಳಿಗೇ ಗೊತ್ತಾಗಲಿ.

ಏಳನೇ ಕ್ಲಾಸ್ ಮೇಡಂ

ಮೊದಲ ಐದು ಪೀರಿಯಡ್ ಮುಗಿಯಿತು, ವರದಿ ಒಪ್ಪಿಸುತ್ತೇನೆ.

ಚೆಂಡು: 421 ಇದ್ದದ್ದು 425 ಆಯಿತು. ಒಬ್ಬ ಹುಡುಗ ನಂಬದೆ ಗಾಳಿ ಬಿಟ್ಟು ಮತ್ತೆ ತೂಗಿದ. 421. ಆಗ ನಂಬಿದ. ಸಕ್ಕರೆ: 200 ಗ್ರಾಂ ನೀರು, 20 ಗ್ರಾಂ ಸಕ್ಕರೆ. ಕರಗಿದ ಮೇಲೆ ಎಷ್ಟು ಅಂತ ಊಹೆ ಕೇಳಿದಾಗ 200 ಅಂದವರೇ ಜಾಸ್ತಿ. ತಕ್ಕಡಿ 220 ತೋರಿಸಿತು. "ಕಾಣಲ್ಲ, ಆದರೆ ಇದೆ" ಅಂತ ಒಬ್ಬಳು ನಿಧಾನವಾಗಿ ಹೇಳಿದಳು. ಕಣ ಅನ್ನುವ ಪದವನ್ನು ನಾನು ಇನ್ನೂ ಹೇಳಿರಲೇ ಇಲ್ಲ. ಸಿರಿಂಜಿನ ಚಿತ್ರಗಳಲ್ಲಿ 38ರಲ್ಲಿ 23 ಚುಕ್ಕೆ. ಮೂವರು ಗಾಳಿಯನ್ನು ಸ್ಪಂಜಿನ ಹಾಗೆ ಬರೆದಿದ್ದರು. ಅದೂ ಪೆದ್ದ ಊಹೆ ಅಲ್ಲ ಅಲ್ವಾ? ಅವರ ಜೊತೆ ಇನ್ನೂ ವಾದ ಮುಗಿದಿಲ್ಲ.

ಹೋದ ವರ್ಷದ ಆ ಹುಡುಗಿ ಈಗ ಎಂಟನೇ ಕ್ಲಾಸ್. ಕರೆದು, ನಾನು ಅವತ್ತು ತಪ್ಪು ಹೇಳಿದೆ ಅಂದೆ. ಸಾಲಿನ ಉದಾಹರಣೆ ಹೇಳಿದೆ. ಫಾಯಿಲ್ ಪಟ್ಟಿಯನ್ನೂ ಕೊಟ್ಟೆ. ಎಂಟು ಸಲ ಕತ್ತರಿಸಿದಳು, ಒಂಬತ್ತನೆಯದು ಉಗುರಿಗೂ ಸಿಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮಿಸ್, ಕತ್ತರೀನೂ ಪರಮಾಣುವಿಂದಲೇ ಮಾಡಿದ್ದಲ್ವಾ? ಅದರ ಅಂಚೇ ಪರಮಾಣುವಿಗಿಂತ ದಪ್ಪ. ಹಾಗಾದ್ರೆ ಮೂವತ್ತನೇ ಸಲ ಯಾವುದರಿಂದ ಕತ್ತರಿಸೋದು?"

ಈ ಸಲ "ಹೂಂ" ಅನ್ನಲಿಲ್ಲ. ಕೇಳಿಕೊಂಡು ಬರುತ್ತೇನೆ ಅಂದೆ.

ಇಂಗಾಲ12

ಕತ್ತರಿಯಿಂದ ಆಗದು, ಸೂಜಿಯಿಂದ ಆಗುತ್ತದೆ. ತುದಿಯಲ್ಲಿ ಒಂದೇ ಪರಮಾಣು ಚಾಚಿಕೊಂಡಿರುವಷ್ಟು ಚೂಪು ಸೂಜಿ. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಅಂಥ ಸೂಜಿಯಿಂದ ಮೇಲ್ಮೈಯನ್ನು ತಡವಿ ನೋಡುವ ಯಂತ್ರ ಮಾಡಿದರು, ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್. ಸೂಜಿ ಮುಟ್ಟುವುದಿಲ್ಲ, ಹತ್ತಿರ ಹೋಗುತ್ತದೆ ಅಷ್ಟೆ. ನಡುವೆ ಹರಿಯುವ ಸಣ್ಣ ಕರೆಂಟು ಏರುಪೇರಾಗುವುದನ್ನು ನೋಡಿ ಉಬ್ಬುತಗ್ಗು ತಿಳಿಯುತ್ತಾರೆ. 1989ರಲ್ಲಿ ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯ ಪ್ರಯೋಗಾಲಯದಲ್ಲಿ ಅದೇ ಸೂಜಿಯಿಂದ 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಕಂಪನಿಯ ಮೂರು ಅಕ್ಷರ ಬರೆದರು. ಆ ಚಿತ್ರ ತೋರಿಸುವಾಗ ಒಂದು ಮಾತು ಹೇಳಿ: ಅದರಲ್ಲಿ ಕಾಣುವ ಬಣ್ಣ ಕಂಪ್ಯೂಟರ್ ಹಚ್ಚಿದ್ದು, ಪರಮಾಣುವಿನದ್ದಲ್ಲ.

ಏಳನೇ ಕ್ಲಾಸ್ ಮೇಡಂ

ಬಣ್ಣದ ವಿಷಯ ಹೇಳದಿದ್ದರೂ ಅವಳೇ ಕೇಳುತ್ತಾಳೆ ಸರ್. ನಾಳೆ ಆರನೇ ಪೀರಿಯಡ್, ಪೆನ್ಸಿಲ್ ಮತ್ತು ಬ್ಯಾಟರಿ. ಉಪ್ಪಿನ ಡಬ್ಬಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.